ನಾಲ್ಕು ತಿಂಗಳಿಂದ ಬರೀ ಫೈಲ್ ಉಜ್ಜಿಸ್ತಾರ: ಇದು ಕಲಿಕೆಯೋ, ದುಡಿಮೆಯೋ?

ಪ್ರಶ್ನೆ: "ಸರ್, ನಾನು ರಬಕವಿ ಕಡೆಯವ. ಮನಿಯೊಳಗ ಎರಡು ಪವರ್‌ಲೂಮ್ ಅದಾವ, ಅಪ್ಪ ನಡಸ್ತಾರ. ಐಟಿಐ ಫಿಟ್ಟರ್ ಎರಡು ವರ್ಷ ಮುಗಿಸಿ ಬೆಳಗಾವಿ ಉದ್ಯಮಬಾಗದಾಗ ಹೈಡ್ರಾಲಿಕ್ ವಾಲ್ವ್ ಮಾಡೋ ಒಂದು ಶಾಪ್‌ನ್ಯಾಗ ಸೇರೀನಿ. ಅಪ್ರೆಂಟಿಸ್ ಅಂತ ಹೇಳಿ ತಗೊಂಡ್ರು, ಕೊಟ್ಟ ಲೆಟರ್‌ನ್ಯಾಗ ಮಾತ್ರ ‘ಟ್ರೇನಿ’ ಅಂತ ಐತಿ. ತಿಂಗಳಿಗೆ ಏಳು ಸಾವಿರ. ನಾಲ್ಕು ತಿಂಗಳಾತು, ಮುಂಜಾನೆಯಿಂದ ಸಂಜಿತನಕ ಬರ್ (ಲೋಹದ ಅಂಚಿನ್ಯಾಗ ಉಳಿಯೋ ಚೂಪು ಸಿಬಿರು) ತಗಿಯೋದು, ಫೈಲ್ (ಅರ) ಉಜ್ಜೋದು, ಇಷ್ಟ. ನಡುವ ಒಮ್ಮೆ ಮಿಸ್ತ್ರಿ 48 ಮಿಮೀ ಚೌಕ ಪ್ಲೇಟ್ ಕೊಟ್ಟು ಫ್ಲಾಟ್ ಮಾಡು ಅಂದ್ರು. ಎಷ್ಟು ಸಲ ಮಾಡಿದ್ರೂ ನಟ್ಟನಡುವ ಉಬ್ಬು ಉಳೀತೈತಿ. ಅವ್ರು ನೋಡಿ ನಕ್ಕು ಹೋದ್ರು. ಗೆಳೆಯ ಒಬ್ಬ ಕಾಂಟ್ರಾಕ್ಟರ್ ಕಡೆಯಿಂದ ಸಿಎನ್‌ಸಿ (ಕಂಪ್ಯೂಟರ್ ನಡಸೋ ಮಷೀನ್) ಆಪರೇಟರ್ ಆಗಿ 13 ಸಾವಿರ ತಗೋತಾನ. ‘ಫಿಟ್ಟರ್ ಕಾಲ ಮುಗೀತು, ಎಲ್ಲಾ ಮಷೀನೇ ಮಾಡ್ತಾವ, ಬಿಟ್ಟು ಬಾ’ ಅಂತಾನ. ಇರಬೇಕೋ, ಬಿಡಬೇಕೋ? ಸ್ವಂತ ಟೂಲ್ ತಗೊಳ್ಳೋದಾದ್ರ ಯಾವ್ಯಾವು ತಗೊಳ್ಳಲಿ?"

ಉತ್ತರ: ನೇಕಾರರ ಮನೆಯವರು ನೀವು, ಎಳೆ ಸಿಕ್ಕಾದರೆ ಒಂದೊಂದಾಗಿಯೇ ಬಿಡಿಸಬೇಕೆಂದು ನಿಮಗೆ ಗೊತ್ತು. ನಿಮ್ಮ ಪತ್ರದಲ್ಲೂ ಹಾಗೇ ಆಗಿದೆ. ಪ್ಲೇಟಿನ ಉಬ್ಬು ಕೈಯ ವಿಷಯ. ಬರ್ ತೆಗೆಯುವುದು ಕಲಿಕೆಯೋ ಅಲ್ಲವೋ ಎನ್ನುವುದು ಶಾಪ್‌ನ ವಿಷಯ. ಫಿಟ್ಟರ್‌ಗೆ ಕಾಲವಿದೆಯೇ ಎನ್ನುವುದು ಮಾರುಕಟ್ಟೆಯ ವಿಷಯ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ‘ಟ್ರೇನಿ’ ಎಂಬ ಶಬ್ದ ಇವೆಲ್ಲಕ್ಕಿಂತ ತುರ್ತಿನದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಉಬ್ಬು, ಯಾಕೆಂದರೆ ಅದನ್ನು ನಾಳೆಯೇ ಸರಿಮಾಡಬಹುದು.

ಪ್ಲೇಟಿನ ನಡುವೆ ಉಬ್ಬು ಉಳಿದರೆ ಕೈಗೆ ಬಲ ಸಾಲದು ಎಂದಲ್ಲ, ಫೈಲ್ ತೊಟ್ಟಿಲಿನ ಹಾಗೆ ತೂಗುತ್ತಿದೆ ಎಂದು ಅರ್ಥ. ಸ್ಟ್ರೋಕ್ ಶುರುವಾಗುವಾಗ ಫೈಲಿನ ಹೆಚ್ಚಿನ ಭಾಗ ನಿಮ್ಮ ಕಡೆಗಿರುತ್ತದೆ. ಆಗ ಹಿಡಿಕೆಯ ಮೇಲಿನ ಕೈ ಒತ್ತಿದರೆ ಹಿಡಿಕೆ ಕೆಳಗಿಳಿದು ಪ್ಲೇಟಿನ ಹತ್ತಿರದ ಅಂಚು ಸವೆಯುತ್ತದೆ. ಸ್ಟ್ರೋಕ್ ಮುಗಿಯುವಾಗ ಫೈಲ್ ಆಚೆ ಚಾಚಿರುತ್ತದೆ. ತುದಿಯ ಮೇಲಿನ ಎಡಗೈ ಇನ್ನೂ ಒತ್ತುತ್ತಲೇ ಇದ್ದರೆ ಆಚೆಯ ಅಂಚು ಸವೆಯುತ್ತದೆ. ಎರಡೂ ಅಂಚು ಇಳಿದ ಮೇಲೆ ನಡುವೆ ಗುಡ್ಡ ಉಳಿಯದೆ ಇನ್ನೇನು? ಆದ್ದರಿಂದ ಒತ್ತಡ ಕೈಯಿಂದ ಕೈಗೆ ಸರಿಯಬೇಕು: ಶುರುವಿನಲ್ಲಿ ತುದಿಯ ಕೈಗೆ ಹೆಚ್ಚು, ಮಧ್ಯದಲ್ಲಿ ಎರಡಕ್ಕೂ ಸಮ, ಕೊನೆಯಲ್ಲಿ ಹಿಡಿಕೆಯ ಕೈಗೆ ಹೆಚ್ಚು. ಹಿಂದಕ್ಕೆ ಎಳೆಯುವಾಗ ಒತ್ತಲೇಬೇಡಿ. ಹಲ್ಲು ಮುಂದಕ್ಕೆ ಮಾತ್ರ ಕತ್ತರಿಸುತ್ತದೆ, ಹಿಂದಕ್ಕೆ ಒತ್ತಿದರೆ ಅದರ ಮೊನೆ ಮೊಂಡಾಗುತ್ತದೆ ಅಷ್ಟೇ. ನಿಮಿಷಕ್ಕೆ ನಲವತ್ತರಿಂದ ಐವತ್ತು ಸ್ಟ್ರೋಕ್ ಸಾಕು. ಅವಸರ ಮಾಡಿದವನ ಫೈಲ್ ತೂಗಿಯೇ ತೂಗುತ್ತದೆ.

ಇದಕ್ಕೂ ಮೊದಲು ವೈಸಿನ (ತುಂಡನ್ನು ಕಚ್ಚಿ ಹಿಡಿಯುವ ಬೆಂಚಿನ ಇಕ್ಕಳ) ಎತ್ತರ ನೋಡಿ. ಮೊಣಕೈ ಮಡಿಸಿ ನಿಂತರೆ ವೈಸಿನ ದವಡೆಯ ಮೇಲ್ಭಾಗ ಮೊಣಕೈ ಮಟ್ಟಕ್ಕಿರಬೇಕು. ಎತ್ತರದ ಹುಡುಗ ತಗ್ಗಾದ ವೈಸಿನ ಮುಂದೆ ನಿಂತರೆ ಸೊಂಟ ಬಾಗುತ್ತದೆ, ಭುಜ ತೂಗುತ್ತದೆ, ಜೊತೆಗೆ ಫೈಲೂ ತೂಗುತ್ತದೆ. ಬೆಂಚಿನ ಎತ್ತರ ನಿಮ್ಮ ಕೈಯಲ್ಲಿಲ್ಲದಿದ್ದರೆ, ವೈಸ್ ಎತ್ತರವಾದಾಗ ಕಾಲ ಕೆಳಗೆ ಹಲಗೆ ಹಾಕಿಕೊಳ್ಳಬಹುದು, ತಗ್ಗಾದಾಗ ವೈಸಿನ ಕೆಳಗೆ ಗಟ್ಟಿ ಪ್ಯಾಕಿಂಗ್ ಕೊಡಿಸಬಹುದು. ಎಡಗಾಲು ಮುಂದೆ ಇರಲಿ, ಮೈ ಸ್ವಲ್ಪವೇ ಮುಂದೆ ಬಾಗಿ ಫೈಲಿನ ಜೊತೆ ಹೋಗಲಿ.

ಇನ್ನು ಕ್ರಮ. 10 ಇಂಚಿನ ಫ್ಲಾಟ್ ಬ್ಯಾಸ್ಟರ್ಡ್ ಫೈಲಿನಿಂದ (ಒರಟು ಹಲ್ಲಿನದು, ಹಳೇ ಮಿಸ್ತ್ರಿಗಳ ಬಾಯಲ್ಲಿ ಇದು ‘ಕಾನಸ’) ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹತ್ತು ಸ್ಟ್ರೋಕ್ ಹಾಕಿ. ಆಮೇಲೆ ಇನ್ನೊಂದು ಓರೆಯಿಂದ ಹತ್ತು. ಎರಡನೇ ಓರೆಯ ಗೆರೆ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಿ ಮಾತ್ರ ಫೈಲ್ ಮುಟ್ಟಿದೆ. ಹಳೇ ಗೆರೆ ಹಾಗೇ ಉಳಿದ ಕಡೆ ತಗ್ಗು. ಹೀಗೆ ಪ್ಲೇಟೇ ನಿಮಗೆ ನಕ್ಷೆ ಬರೆದುಕೊಡುತ್ತದೆ, ಮಿಸ್ತ್ರಿಯನ್ನು ಕೇಳಬೇಕಿಲ್ಲ. ಉಬ್ಬು ನಡುವೆಯೇ ಇದ್ದರೆ ನಡುವೆ ಮಾತ್ರ ಚಿಕ್ಕ ಸ್ಟ್ರೋಕ್ ಹಾಕಿ. ಫೈಲ್ ಉದ್ದಕ್ಕೂ ಸ್ವಲ್ಪ ಹೊಟ್ಟೆ ಉಬ್ಬಿದ ಆಕಾರದಲ್ಲೇ ತಯಾರಾಗಿರುತ್ತದೆ. ಬೇಕಾದ ಜಾಗಕ್ಕೆ ಆ ಹೊಟ್ಟೆಯನ್ನು ತಾಗಿಸುವುದೇ ಕೈಚಳಕ. ಫ್ಲಾಟ್ ಆಯಿತೆನಿಸಿದ ಮೇಲೆ ಅದಕ್ಕಿಂತ ನಯ ಹಲ್ಲಿನ ಸೆಕೆಂಡ್ ಕಟ್ ಫೈಲ್, ಕೊನೆಗೆ ಇನ್ನೂ ನಯವಾದ ಸ್ಮೂತ್. ಸ್ಮೂತ್ ಫೈಲಿನ ಹಲ್ಲಿಗೆ ಸೀಮೆಸುಣ್ಣ ತಿಕ್ಕಿ, ಚೂರು ಸಿಕ್ಕಿಕೊಂಡು ಜಾಬ್ (ಕೆಲಸ ಮಾಡುತ್ತಿರುವ ತುಂಡು) ಮೇಲೆ ಗೀರು ಬೀಳುವುದು ತಪ್ಪುತ್ತದೆ. ಉಜ್ಜಿದ ಮುಖವನ್ನು ಬೆರಳಿನಿಂದ ಸವರಿ ನೋಡುವ ಚಟ ಎಲ್ಲರಿಗೂ ಇರುತ್ತದೆ. ಬಿಡಿ. ಬೆರಳಿನ ಜಿಡ್ಡು ತಾಗಿದ ಕಡೆ ಮುಂದಿನ ಸ್ಟ್ರೋಕ್ ಜಾರುತ್ತದೆ, ಎರಕದ ಕಬ್ಬಿಣದ ಮೇಲಂತೂ ಖಂಡಿತ.

ಪರೀಕ್ಷೆಗೆ ಟ್ರೈಸ್ಕ್ವೇರಿನ (ಮೂಲೆಮಟ್ಟ) ಬ್ಲೇಡನ್ನು ಮುಖದ ಮೇಲಿಟ್ಟು ಕಿಟಕಿಯ ಕಡೆ ಹಿಡಿಯಿರಿ. ಉದ್ದಕ್ಕೆ, ಅಡ್ಡಕ್ಕೆ, ಎರಡೂ ಓರೆಗೆ, ಹೀಗೆ ನಾಲ್ಕು ಕಡೆ. ಬೆಳಕು ಎರಡು ತುದಿಗೂ ಕಂಡು ನಡುವೆ ಕಾಣದಿದ್ದರೆ ಉಬ್ಬು. ನಡುವೆ ಮಾತ್ರ ಕಂಡರೆ ತಗ್ಗು. ಕೊನೆಯ ಹಂತಕ್ಕೆ ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಮತಟ್ಟಾದ ಹಾಸು) ಮೇಲೆ ಪ್ರಶಿಯನ್ ಬ್ಲೂ ತೆಳುವಾಗಿ ಸವರಿ ಜಾಬನ್ನು ಮೆಲ್ಲಗೆ ಆಡಿಸಿ ಎತ್ತಿ. ನೀಲಿ ಹತ್ತಿದ್ದು ಎತ್ತರದ ಜಾಗ. ನೀಲಿ ದಪ್ಪ ಹಚ್ಚಿದರೆ ಎಲ್ಲಾ ಕಡೆ ಹತ್ತಿ ‘ಆಯಿತು’ ಎಂದು ಸುಳ್ಳು ಹೇಳುತ್ತದೆ. ಐಟಿಐಯಲ್ಲಿ ಗಂಡು-ಹೆಣ್ಣು (ಒಂದರೊಳಗೊಂದು ಕೂರುವ) ಫಿಟ್ಟಿಂಗ್ ಜಾಬಿಗೆ ±0.04 ಮಿಮೀ ಕೇಳುತ್ತಿದ್ದರಲ್ಲ, ಆ ಅಳತೆಗೆ ಬರುವುದು ಈ ದಾರಿಯಿಂದಲೇ. ಪ್ರತಿದಿನ ಊಟದ ಬಿಡುವಿನ ನಂತರ ಅರ್ಧ ತಾಸು ಸ್ಕ್ರ್ಯಾಪ್ ತುಂಡಿನ ಮೇಲೆ ಹೀಗೆ ಮಾಡಿದರೆ ಮೂರು ವಾರದಲ್ಲಿ ಉಬ್ಬು ಹೋಗುತ್ತದೆ. ಹಿಡಿಕೆ ಇಲ್ಲದ ಫೈಲನ್ನು ಮಾತ್ರ ಮುಟ್ಟಬೇಡಿ. ಅದು ಜಾಬಿಗೆ ಗಕ್ಕನೆ ಸಿಕ್ಕರೆ ಬಾಲದ ಮೊನೆ ಅಂಗೈಗೆ ಹೊಕ್ಕುತ್ತದೆ.

ಈಗ ಬರ್. ‘ಬರೀ ಬರ್ ತೆಗೆಯೋದು’ ಎಂದು ಬರೆದಿದ್ದೀರಿ. ಹೈಡ್ರಾಲಿಕ್ ಶಾಪ್‌ನಲ್ಲಿ ಆ ‘ಬರೀ’ ಸರಿಯಲ್ಲ. ವಾಲ್ವ್ ಬಾಡಿಯೊಳಗೆ ಎರಡು ಡ್ರಿಲ್ ತೂತು ಒಂದನ್ನೊಂದು ಕೂಡುವ ಜಾಗದಲ್ಲಿ ಕೂದಲಿನಂಥ ಬರ್ ಉಳಿಯುತ್ತದೆ. ಎಣ್ಣೆ 200 ಬಾರ್ ಒತ್ತಡದಲ್ಲಿ ಹರಿಯುವಾಗ ಅದು ಕಿತ್ತು ಸ್ಪೂಲಿನ (ಬಾಡಿಯ ಬೋರಿನೊಳಗೆ ಜಾರುತ್ತಾ ಎಣ್ಣೆಯ ದಾರಿ ತೆರೆದು ಮುಚ್ಚುವ ದಂಡ) ಕಡೆ ಹೋಗುತ್ತದೆ. ಸ್ಪೂಲಿಗೂ ಬೋರಿಗೂ ನಡುವಿನ ಸಂದಿ ಹತ್ತು ಮೈಕ್ರಾನಿನ ಆಸುಪಾಸು, ತಲೆಗೂದಲು ಅದಕ್ಕಿಂತ ಐದಾರು ಪಟ್ಟು ದಪ್ಪ. ಒಂದು ಚೂರು ಅಲ್ಲಿ ಸಿಕ್ಕರೆ ಸ್ಪೂಲ್ ಜಾಮ್. ಅದು ಜೆಸಿಬಿಯ ವಾಲ್ವ್ ಆಗಿದ್ದರೆ ಬೂಮ್ ಎತ್ತಿದ್ದು ಎತ್ತಿದ ಹಾಗೇ ನಿಲ್ಲುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೊಸಬರು ಎಡವುವುದು ಇಲ್ಲೇ. ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಒಳಗೆ ಜಾರಬೇಕಾದ ಬಾಯಿಗೆ ಚ್ಯಾಂಫರ್ (ಅಂಚಿಗೆ ಓರೆ) ಬೇಕು, ಇಲ್ಲದಿದ್ದರೆ ಚೂಪು ಅಂಚು ಓ-ರಿಂಗನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಆದರೆ ಸ್ಪೂಲಿನ ಲ್ಯಾಂಡ್‌ಗಳ (ಬೋರಿಗೆ ಹೊಂದಿ ಕೂರುವ ದಪ್ಪ ಭಾಗಗಳು) ಅಂಚು ಚೂಪಾಗಿಯೇ ಇರಬೇಕು. ಬರ್ ಮಾತ್ರ ಹೋಗಬೇಕು, ಅಂಚು ದುಂಡಾಗಬಾರದು. ಅಂಚು ದುಂಡಾದರೆ ಎಣ್ಣೆ ತೆರೆದು ಮುಚ್ಚುವ ಲೆಕ್ಕ ತಪ್ಪುತ್ತದೆ, ಕಸ ಅಲ್ಲಿ ಬೆಣೆಯಂತೆ ಹೊಕ್ಕು ಕೂರುತ್ತದೆ. ಒಂದೇ ಬಾಡಿಯಲ್ಲಿ ಯಾವ ಅಂಚಿಗೆ ಏನು ಎಂಬುದು ತಿಳಿದವನು ಅರ್ಧ ವಾಲ್ವ್ ತಿಳಿದ ಹಾಗೆ.

ಇಷ್ಟು ಹೇಳಿದ ಮೇಲೂ, ನಾಲ್ಕು ತಿಂಗಳು ಅದೊಂದೇ ಕೆಲಸ ಸರಿಯಲ್ಲ. ಹಾಗಾದರೆ ಕಲಿಕೆಗೂ ದುಡಿಮೆಗೂ ಗೆರೆ ಎಲ್ಲಿ? ನಾನು ನೋಡುವುದು ಅಳತೆಯನ್ನು. ಜಾಬಿನ ಜೊತೆ ಡ್ರಾಯಿಂಗ್ ನಿಮ್ಮ ಕೈಗೆ ಬರುತ್ತದೆಯೇ? ಮುಗಿಸಿದ ಮೇಲೆ ನೀವೇ ಅಳೆದು ಬರೆಯುತ್ತೀರಾ? ರಿಜೆಕ್ಟ್ ಆದದ್ದು ತಿರುಗಿ ನಿಮ್ಮ ಬೆಂಚಿಗೆ ಬಂದು, ಯಾಕೆ ಎಂದು ಯಾರಾದರೂ ತೋರಿಸುತ್ತಾರಾ? ಮೂರಕ್ಕೂ ಇಲ್ಲ ಎಂದಾದರೆ ನೀವು ಕಲಿಯುತ್ತಿಲ್ಲ, ಅಗ್ಗದ ಕೈ ಆಗಿದ್ದೀರಿ. ಒಂದಕ್ಕಾದರೂ ಹೌದು ಎಂದಾದರೆ ಉಳಿದ ಎರಡನ್ನು ಕೇಳಿ ಪಡೆಯಬಹುದು. ಮಿಸ್ತ್ರಿ ನಕ್ಕು ಹೋದರು ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರ ಉಬ್ಬನ್ನು ನೋಡಿ ನಕ್ಕವರೂ ಒಬ್ಬರಿದ್ದಿರಬೇಕು. ‘ಮಾಮಾ, ನಂದು ನಡುವ ಉಬ್ಬತೈತಿ, ಕೈ ಹೆಂಗ ಇಡ್ಲಿ ನೋಡ್ರಿ’ ಎಂದು ಪ್ಲೇಟ್ ಹಿಡಿದುಕೊಂಡು ಹೋಗಿ. ‘ನನಗ ಏನೂ ಕಲಸ್ವಲ್ಲರಿ’ ಎಂದರೆ ಬಾಗಿಲು ಮುಚ್ಚುತ್ತದೆ, ಜಾಬ್ ತೋರಿಸಿ ಕೇಳಿದರೆ ಎಂಥ ಒರಟರೂ ಕೈ ಹಿಡಿದು ತೋರಿಸುತ್ತಾರೆ.

ಉಳಿದ ತಿಂಗಳುಗಳಲ್ಲಿ ನಿಮ್ಮ ಕೈಗೆ ಬರಲೇಬೇಕಾದ ಕೆಲಸಗಳಲ್ಲಿ ಎರಡನ್ನು ಬಿಡಿಸಿ ಹೇಳುತ್ತೇನೆ. ಒಂದು, ಟ್ಯಾಪಿಂಗ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವುದು. ಎಂ10ಕ್ಕೆ (10 ಮಿಮೀ ಬೋಲ್ಟಿನ ಥ್ರೆಡ್) ಪಿಚ್, ಅಂದರೆ ಥ್ರೆಡ್‌ನಿಂದ ಥ್ರೆಡ್‌ಗೆ ಅಂತರ, 1.5, ಹಾಗಾಗಿ ಡ್ರಿಲ್ 8.5 ಮಿಮೀ. ಎಂ8ಕ್ಕೆ 6.8, ಎಂ12ಕ್ಕೆ 10.2. 8.5 ಸಿಗಲಿಲ್ಲವೆಂದು 8 ಹಾಕಿದರೆ ಟ್ಯಾಪ್ ಮುರಿಯುತ್ತದೆ, 9 ಹಾಕಿದರೆ ಥ್ರೆಡ್ ಮೇಲುಮೇಲಕ್ಕೆ ಬಂದು ಬೋಲ್ಟ್ ಬಿಗಿಯುವಾಗ ಕಿತ್ತುಬರುತ್ತದೆ. ಮೊದಲ ಎರಡು ಸುತ್ತು ಹೋದ ಕೂಡಲೇ ಹ್ಯಾಂಡಲ್ ತೆಗೆದು ಟ್ರೈಸ್ಕ್ವೇರ್ ಹಿಡಿದು ಎರಡು ಕಡೆ ನೋಡಿ. ಅಲ್ಲಿ ಓರೆಯಾದದ್ದನ್ನು ಮುಂದೆ ಬಲ ಹಾಕಿ ನೆಟ್ಟಗೆ ಮಾಡಲು ಹೋದರೆ ಟ್ಯಾಪ್ ಒಳಗೇ ತುಂಡು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಸ್ಟೀಲಿಗೆ ಕಟಿಂಗ್ ಆಯಿಲ್. ತಳ ಮುಚ್ಚಿದ ತೂತಾದರೆ ಆಗಾಗ ಟ್ಯಾಪ್ ಪೂರ್ತಿ ಹೊರತೆಗೆದು ಚೂರು ಕೊಡವಿ.

ಎರಡು, ಬೇರಿಂಗ್ ಏರಿಸುವುದು. 6205 ಬೇರಿಂಗ್ ತೆಗೆದುಕೊಳ್ಳಿ: ಒಳ ವ್ಯಾಸ 25, ಹೊರ ವ್ಯಾಸ 52, ಅಗಲ 15 ಮಿಮೀ. ಶಾಫ್ಟ್ ಕೆ6 (ಅಳತೆ ಯಾವ ಮಿತಿಯೊಳಗಿರಬೇಕೆಂಬ ಗುರುತು) ಎಂದು ಡ್ರಾಯಿಂಗ್‌ನಲ್ಲಿ ಇದ್ದರೆ ಅದು 25.002ರಿಂದ 25.015 ಇರಬೇಕು, ಅಂದರೆ ಬೋರಿಗಿಂತ ಶಾಫ್ಟ್ ತುಸು ದಪ್ಪ. ತಣ್ಣಗೆ ಹೊಡೆದು ಏರಿಸಲು ಹೋಗಿ ಹೊರ ರಿಂಗಿಗೆ ಸುತ್ತಿಗೆ ಹಾಕಿದರೆ ಆ ಪೆಟ್ಟು ಗುಂಡುಗಳ ಮೂಲಕ ಒಳ ರಿಂಗಿಗೆ ಹೋಗುತ್ತದೆ, ಹಾದಿಯ ಮೇಲೆ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ, ಕೆಲವೇ ವಾರಗಳಲ್ಲಿ ಮೋಟರ್ ಗೊರಗೊರ ಅನ್ನುತ್ತದೆ. ಶಾಫ್ಟಿಗೆ ಏರಿಸುವಾಗ ಒತ್ತಡ ಒಳ ರಿಂಗಿಗೆ, ಹೌಸಿಂಗಿಗೆ ಕೂರಿಸುವಾಗ ಹೊರ ರಿಂಗಿಗೆ. ಇಂಡಕ್ಷನ್ ಹೀಟರ್ ಇದ್ದರೆ ಬಿಸಿ ಮಾಡಿ ಏರಿಸುವುದು ಸಲೀಸು. 80 ಡಿಗ್ರಿ ಹೆಚ್ಚಿದರೆ 25 ಮಿಮೀ ಬೋರ್ ಸುಮಾರು 0.024 ಮಿಮೀ ಹಿಗ್ಗುತ್ತದೆ, ಬೇರಿಂಗ್ ತಾನೇ ಜಾರಿ ಕೂರುತ್ತದೆ. 120 ಡಿಗ್ರಿ ದಾಟಿಸಬೇಡಿ, ಗ್ಯಾಸ್ ಟಾರ್ಚಿನ ಬೆಂಕಿ ನೇರವಾಗಿ ಹಿಡಿಯಲೇಬೇಡಿ. ರಜೆಗೆ ಊರಿಗೆ ಹೋದಾಗ ನಿಮ್ಮ ಲೂಮಿನ ಮೋಟರ್ ಬೇರಿಂಗ್ ಬದಲಿಸುವ ಪಾಳಿ ಬಂದರೆ ಒಮ್ಮೆ ನೀವೇ ಮಾಡಿ ನೋಡಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿಸೆಯಲ್ಲಿಟ್ಟುಕೊಂಡು ಮಾತ್ರ.

‘ಫಿಟ್ಟರ್ ಕಾಲ ಮುಗೀತು’ ಎಂಬ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ಫೈಲಿನಿಂದ ಬಿಡಿಭಾಗ ತಯಾರಿಸುವ ಫಿಟ್ಟರ್‌ಗೆ ಕೆಲಸ ಕಡಿಮೆಯಾಗಿದೆ, ಅದನ್ನು ಸಿಎನ್‌ಸಿ ಮತ್ತು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ಕಸಿದುಕೊಂಡಿವೆ. ಆದರೆ ತಯಾರಾದ ಭಾಗಗಳನ್ನು ಜೋಡಿಸುವವನು, ಕೆಟ್ಟ ಯಂತ್ರ ಬಿಚ್ಚಿ ಕಾರಣ ಹುಡುಕುವವನು ಬೇಕೇ ಬೇಕು. ಆ ಸಿಎನ್‌ಸಿಯ ಸ್ಪಿಂಡಲ್ ಬೇರಿಂಗ್ ಸದ್ದು ಮಾಡಿದರೆ ಬರುವವನೂ ಮೆಂಟೆನೆನ್ಸ್ ಫಿಟ್ಟರೇ. ನಮ್ಮ ಮೂರು ಜಿಲ್ಲೆಗಳನ್ನೇ ನೋಡಿ: ಉದ್ಯಮಬಾಗ, ಮಚ್ಛೆ, ಹೊನಗಾದ ಫೌಂಡ್ರಿ ಮತ್ತು ಮಷೀನ್ ಶಾಪ್‌ಗಳು, ಬಾಗಲಕೋಟೆ ಕಡೆಯ ಸಿಮೆಂಟ್, ವಿಜಯಪುರ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರ, ಎಲ್ಲೆಲ್ಲೂ ಸಕ್ಕರೆ ಕಾರ್ಖಾನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ಪಂಪಿನ ಕಪ್ಲಿಂಗ್ ಅಲೈನ್‌ಮೆಂಟ್ (ಮೋಟರ್ ಮತ್ತು ಪಂಪಿನ ಶಾಫ್ಟ್ ಒಂದೇ ನೇರಕ್ಕಿರುವುದು) ತಪ್ಪಿ ಬೇರಿಂಗ್ ಹೋದರೆ ಗೇಟಿನಾಚೆ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ಡಯಲ್ ಗೇಜ್ ಕಟ್ಟಿ, ಶಿಮ್ (ತೆಳು ತಗಡು) ಹಾಕಿ 0.05 ಮಿಮೀ ಒಳಗೆ ತರುವ ಮನುಷ್ಯನಿಗೆ ಆಗ ಇರುವ ಬೆಲೆಯೇ ಬೇರೆ.

ಈಗ ‘ಟ್ರೇನಿ’. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದ್ದರೆ ನಿಮಗೂ ಕಂಪನಿಗೂ ಒಂದು ಒಪ್ಪಂದ ಆಗಿರಬೇಕು, ಅದು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು, ನೋಂದಣಿ ಸಂಖ್ಯೆ, ಟ್ರೇಡ್, ಶುರು ಮತ್ತು ಮುಗಿಯುವ ತಾರೀಖು ಅದರಲ್ಲಿ ಇರಬೇಕು. ಐಟಿಐ ಮುಗಿಸಿದ ಫಿಟ್ಟರ್‌ಗೆ ಅವಧಿ ಸಾಮಾನ್ಯವಾಗಿ ಒಂದು ವರ್ಷ. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಐಟಿಐ ಪಾಸಾದವರಿಗೆ ತಿಂಗಳಿಗೆ 7,000 ರೂಪಾಯಿ. ಆಮೇಲಿನ ಪರಿಷ್ಕರಣೆಯನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ನಿಮಗೆ ಸರಿಯಾಗಿ ಏಳು ಸಾವಿರವೇ ಬರುತ್ತಿದೆ ಎಂದ ಮಾತ್ರಕ್ಕೆ ನೋಂದಣಿ ಆಗಿದೆ ಎಂದುಕೊಳ್ಳಬೇಡಿ. ಎಚ್‌ಆರ್ ಹತ್ತಿರ ಹೋಗಿ ‘ಕಾಂಟ್ರಾಕ್ಟ್ ನಂಬರ್ ಕೊಡ್ರಿ, ಪರೀಕ್ಷೆ ಫಾರ್ಮಿಗೆ ಬೇಕು’ ಎಂದು ಕೇಳಿ. ಸುಳ್ಳೇನಲ್ಲ. ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯಲು ಆ ನೋಂದಣಿ ಬೇಕೇ ಬೇಕು.

ನೋಂದಣಿ ಇದ್ದರೆ ಕಾನೂನಿನ ಪ್ರಕಾರ ನೀವು ಕಲಿಯುವವರು, ಕೆಲಸಗಾರರಲ್ಲ. ಪಿಎಫ್ ಕಡಿತವಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಅವರಿಗಿಲ್ಲ. ಯಾರಾದರೂ ‘ಅಪ್ರೆಂಟಿಸ್ ಮುಗಿದ್ರ ಪರ್ಮನೆಂಟ್’ ಎಂದು ಹೇಳಿದ್ದರೆ ಅದು ಬಾಯಿಮಾತು. ನೋಂದಣಿ ಇಲ್ಲದ ‘ಟ್ರೇನಿ’ಯ ಪಾಡು ಬೇರೆ. ದಿನವಿಡೀ ಉತ್ಪಾದನೆಯ ಕೆಲಸ, ಕೈಯಲ್ಲಿ ಪ್ರಮಾಣಪತ್ರವೂ ಇಲ್ಲ, ಇಎಸ್‌ಐ ಕಾರ್ಡೂ ಇಲ್ಲ. ಹಾಗಿದ್ದರೆ ಕಂಪನಿ ಈಗಲಾದರೂ ನೋಂದಣಿ ಮಾಡಿಸಲಿ, ಇಲ್ಲವೇ ಕೆಲಸಗಾರನೆಂದು ಇಎಸ್‌ಐ, ಪಿಎಫ್ ಸಹಿತ ತೋರಿಸಲಿ. ಕೇಳಲು ಹಿಂಜರಿಕೆಯಾದರೆ ನೀವು ಓದಿದ ಐಟಿಐನ ಪ್ರಾಚಾರ್ಯರ ಮೂಲಕ ಕೇಳಿಸಿ.

ಇದು ತಿಳಿದ ಮೇಲೆ ನಿಮ್ಮ ಮುಂದಿನ ದಾರಿ.

ನೋಂದಣಿ ಇದ್ದರೆ ಉಳಿದ ಎಂಟು ತಿಂಗಳು ಮುಗಿಸಿ ಎಂದೇ ಹೇಳುತ್ತೇನೆ. ನಡುವೆ ಬಿಟ್ಟರೆ ಪ್ರಮಾಣಪತ್ರ ಹೋಗುತ್ತದೆ. ಹೇಳದೆ ಕೇಳದೆ ಬಿಟ್ಟರೆ ಒಪ್ಪಂದ ಪೋರ್ಟಲ್‌ನಲ್ಲಿ ಚಾಲ್ತಿಯಲ್ಲೇ ಉಳಿದು ಬೇರೆ ಕಡೆ ಹೊಸ ಒಪ್ಪಂದಕ್ಕೆ ತೊಡಕಾಗುತ್ತದೆ. ಬಿಡಲೇಬೇಕಾದರೆ ಲಿಖಿತವಾಗಿ ರದ್ದು ಮಾಡಿಸಿಕೊಂಡೇ ಹೊರಬನ್ನಿ. ಇರುವ ಅವಧಿಯಲ್ಲಿ ಬರ್ ಬೆಂಚಿನಿಂದ ಅಸೆಂಬ್ಲಿಗೆ, ಅಲ್ಲಿಂದ ಟೆಸ್ಟ್ ಬೆಂಚಿಗೆ, ಕೊನೆಗೆ ಮೆಂಟೆನೆನ್ಸ್‌ಗೆ ಎರಡೆರಡು ತಿಂಗಳು ಹಾಕಿಸಿಕೊಳ್ಳಲು ಸೂಪರ್‌ವೈಸರ್‌ಗೆ ಬರೆದು ಕೊಡಿ.

ನೋಂದಣಿ ಇಲ್ಲ, ಮಾಡಿಸಲೂ ಒಪ್ಪುತ್ತಿಲ್ಲ ಎಂದಾದರೆ ಅದರಲ್ಲೊಂದು ಅನುಕೂಲವೂ ಇದೆ: ನಿಮ್ಮ ಅಪ್ರೆಂಟಿಸ್ ಅವಕಾಶ ಇನ್ನೂ ಖರ್ಚಾಗಿಲ್ಲ. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವರ್ಕ್‌ಶಾಪ್ ಫಿಟ್ಟರ್ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ. ಲಿಖಿತ ಪರೀಕ್ಷೆ ಇಲ್ಲ, ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಮೇಲೆ ಆಯ್ಕೆ. ಹತ್ತನೆಯಲ್ಲಿ ಶೇ. 50 ಬೇಕು. ಈಗಾಗಲೇ ಅಪ್ರೆಂಟಿಸ್ ಮುಗಿಸಿದವರಿಗೆ ಅಥವಾ ಮಾಡುತ್ತಿರುವವರಿಗೆ ಅಲ್ಲಿ ಅವಕಾಶವಿಲ್ಲ, ಅದಕ್ಕೇ ಮೊದಲು ಕಾಂಟ್ರಾಕ್ಟ್ ನಂಬರ್ ವಿಚಾರಿಸಿ ಎಂದದ್ದು. ರೈಲ್ವೆಯಲ್ಲಿ ಕಲಿತು ಮುಗಿಸಿದವರಿಗೆ ಅಲ್ಲಿನ ಲೆವೆಲ್-1 (ಮೊದಲ ಹಂತದ ಹುದ್ದೆಗಳು) ನೇಮಕದಲ್ಲಿ ಮೀಸಲು ಪಾಲೂ ಉಂಟು, ಆದರೆ ಅದಕ್ಕೆ ಪರೀಕ್ಷೆ ಬರೆಯಲೇಬೇಕು.

ಗೆಳೆಯರ 13 ಸಾವಿರದ ಬಗ್ಗೆ ಅವರನ್ನೇ ಎರಡು ಮಾತು ಕೇಳಿ: ಆಫ್‌ಸೆಟ್ (ಟೂಲಿನ ಅಳತೆ ಮಷೀನಿಗೆ ತಿಳಿಸುವ ಅಂಕಿ) ನೀನೇ ಹಾಕ್ತೀಯೋ, ಸೆಟ್ಟರ್ ಬಂದು ಹಾಕ್ತಾನೋ? ಇಎಸ್‌ಐ, ಪಿಎಫ್ ನಂಬರ್ ಬಂದಿದೆಯೋ? ಜಾಬ್ ಇಡುವುದು, ಬಟನ್ ಒತ್ತುವುದು, ತೆಗೆಯುವುದು ಇಷ್ಟೇ ಆದರೆ ಆರು ತಿಂಗಳಿಗೆ ಆ ಕಲಿಕೆ ಮುಗಿಯಿತು, ಸಂಬಳವೂ ಅಲ್ಲೇ ನಿಲ್ಲುತ್ತದೆ. ಸೆಟ್ಟಿಂಗ್ ಕಲಿಸುವ ಜಾಗವಾದರೆ ಒಳ್ಳೆಯದೇ, ಅಳತೆ ಬಲ್ಲ ಫಿಟ್ಟರ್ ಸೆಟ್ಟರ್ ಆಗುವುದು ಬೇಗ. ಮನೆಯಲ್ಲಿ ದುಡ್ಡಿನ ತೀರಾ ಅಡಚಣೆ ಇದ್ದರೆ ನಿಮ್ಮ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಇನ್ನು ಸಕ್ಕರೆ ಕಾರ್ಖಾನೆ: ಹಂಗಾಮು ಮುಗಿದ ಮೇಲಿನ ಓವರ್‌ಹಾಲಿಂಗ್‌ನಲ್ಲಿ ಮಿಲ್ ರೋಲರ್ ಎತ್ತುವುದು, ಗನ್‌ಮೆಟಲ್ ಬೇರಿಂಗಿಗೆ ನೀಲಿ ಹಚ್ಚಿ ಸ್ಕ್ರೇಪರ್ ಹಾಕುವುದು ಕಲಿಯಲು ಅಂಥ ಜಾಗ ಇನ್ನೊಂದಿಲ್ಲ. ಆದರೆ ಕೆಲಸ ಹಂಗಾಮಿನದು, ಎತ್ತುವ ಭಾರ ಟನ್‌ಗಟ್ಟಲೆ. ಹೊಸಬರು ತೂಗುವ ಭಾರದ ಕೆಳಗೆ ಕಾಲಿಡಬಾರದು.

ಕೊನೆಗೆ ಟೂಲ್. 150 ಮಿಮೀ ಸ್ಟೀಲ್ ರೂಲ್, 100 ಮಿಮೀ ಟ್ರೈಸ್ಕ್ವೇರ್, ಸ್ಕ್ರೈಬರ್, ಒಂದು ಡಾಟ್ ಪಂಚ್, ಫೀಲರ್ ಗೇಜ್ ಸೆಟ್. ಇವಿಷ್ಟು ಈಗ ಸಾಕು. ಕೈಗೆ ಸ್ವಲ್ಪ ದುಡ್ಡು ಬಂದಾಗ 0.02 ಮಿಮೀ ಲೀಸ್ಟ್ ಕೌಂಟಿನ (ಅಳೆಯಬಲ್ಲ ಅತಿ ಚಿಕ್ಕ ಅಳತೆ) ವರ್ನಿಯರ್, ಒಳ್ಳೆಯ ಕಂಪನಿಯದೇ. ಅಗ್ಗದ ಡಿಜಿಟಲ್ ವರ್ನಿಯರ್ ಬೇಡ, ಬ್ಯಾಟರಿ ಇಳಿದಾಗ ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಮೈಕ್ರೋಮೀಟರ್ ಕೊಳ್ಳಬೇಡಿ, ಅದು ಕ್ವಾಲಿಟಿ ರೂಮಿನಲ್ಲಿರುತ್ತದೆ. ಕೇಳಿ ತಂದು, ಉಪಯೋಗಿಸಿ, ಒರೆಸಿ, ಅನ್‌ವಿಲ್ ಮತ್ತು ಸ್ಪಿಂಡಲ್ (ಅಳೆಯುವ ಎರಡು ಮುಖಗಳು) ನಡುವೆ ಚೂರು ಸಂದಿ ಬಿಟ್ಟು ಡಬ್ಬಿಯಲ್ಲಿಟ್ಟು ವಾಪಸ್ ಕೊಡಿ. ಎರಡು ಸಲ ಹಾಗೆ ವಾಪಸ್ ಬಂದರೆ ಮೂರನೇ ಸಲ ಬೋರ್ ಗೇಜನ್ನೂ ಕೊಡುತ್ತಾರೆ.